ಡೆಂಬೆಲೆ: ಗೆರೆಯ ಅಂಚಿನಿಂದ ಚಿನ್ನದ ಚೆಂಡಿನವರೆಗೆ

ಪ್ಯಾರಿಸ್‌ನ ಶಾಟ್ಲೆ ರಂಗಮಂದಿರ. 2025ರ ಸೆಪ್ಟೆಂಬರ್ 22ರ ರಾತ್ರಿ. ಬ್ರೆಜಿಲ್‌ನ ಮಾಜಿ ಆಟಗಾರ ರೊನಾಲ್ಡಿನ್ಯೊ ಆ ವರ್ಷದ ಬ್ಯಾಲನ್ ಡಿ'ಓರ್ ವಿಜೇತರ ಹೆಸರನ್ನು ಪ್ರಕಟಿಸಿದಾಗ ವೇದಿಕೆ ಏರಿದವರು 28 ವರ್ಷದ ಉಸ್ಮಾನ್ ಡೆಂಬೆಲೆ. ಮಾತು ಆರಂಭಿಸಿದ ಕೆಲವೇ ಕ್ಷಣಗಳಲ್ಲಿ ಅವರ ಕಂಠ ಬಿಗಿಯಿತು, ಕಣ್ಣೀರು ಹರಿಯಿತು. ಬಳಿಕ ಅವರ ತಾಯಿಯೂ ವೇದಿಕೆಗೆ ಬಂದು ಮಗನ ಪಕ್ಕದಲ್ಲಿ ನಿಂತರು. ರೇಮಂಡ್ ಕೋಪಾ, ಮಿಷೆಲ್ ಪ್ಲಾಟಿನಿ, ಜಾನ್ ಪಿಯರ್ ಪಾಪಾಂ, ಜಿನೆದಿನ್ ಜಿದಾನ್, ಕರೀಂ ಬೆಂಝೆಮಾ ಅವರ ನಂತರ ಚಿನ್ನದ ಚೆಂಡನ್ನು ಕೈಗೆತ್ತಿಕೊಂಡ ಆರನೆಯ ಫ್ರೆಂಚ್ ಆಟಗಾರ ಎಂಬ ಗೌರವ ಅಂದು ಡೆಂಬೆಲೆ ಅವರದಾಯಿತು.

ಇದರಲ್ಲಿ ಅಚ್ಚರಿಯೇನಿದೆ ಎಂದು ಈಚೆಗೆ ಫುಟ್‌ಬಾಲ್ ನೋಡಲು ಆರಂಭಿಸಿದವರು ಕೇಳಬಹುದು. ಐದು ವರ್ಷಗಳ ಹಿಂದೆ ಇದೇ ಹೆಸರು ಬಾರ್ಸಿಲೋನಾ ನಗರದಲ್ಲಿ ವ್ಯರ್ಥವಾದ ಹಣಕ್ಕೆ ಪರ್ಯಾಯ ಪದವಾಗಿತ್ತು ಎಂಬುದನ್ನು ಬಲ್ಲವರಿಗೆ ಮಾತ್ರ ಆ ಕಣ್ಣೀರಿನ ಅರ್ಥ ತಿಳಿದೀತು. ಅದೇ ಕಾಲುಗಳು, ಅದೇ ವೇಗ, ಎದುರಾಳಿಯನ್ನು ತಬ್ಬಿಬ್ಬುಗೊಳಿಸುವ ಅದೇ ಮೈಬಾಗು. ಹಾಗಾದರೆ ಬದಲಾದದ್ದೇನು? ಪ್ರತಿಭೆ ಎಂಬ ಒಂದೇ ಪದದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಡೆಂಬೆಲೆ ಅವರಲ್ಲಿ ಪ್ರತಿಭೆಗೆ ಎಂದೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತೊಡೆಯ ಹಿಂಭಾಗದ ಸ್ನಾಯುಗಳ ಬಲಕ್ಕೆ, ಮತ್ತು ಆ ಪ್ರತಿಭೆಯನ್ನು ಮೈದಾನದ ಯಾವ ಮೂಲೆಯಲ್ಲಿ ಬಳಸಬೇಕು ಎಂಬ ಸ್ಪಷ್ಟತೆಗೆ.

ಗೆರೆಯ ಪಕ್ಕದ ಆಟಗಾರ

ಫುಟ್‌ಬಾಲ್ ಮೈದಾನದ ಎರಡು ಪಕ್ಕದ ಗೆರೆಗಳಿಗೆ ಹೊಂದಿಕೊಂಡು ಆಡುವ ಆಕ್ರಮಣಕಾರನೇ ವಿಂಗರ್. ಹಿಂದಿನ ಕಾಲದ ವಿಂಗರ್‌ಗಳ ಕೆಲಸ ಸರಳವಾಗಿತ್ತು. ಗೆರೆಯ ಗುಂಟ ಓಡುವುದು, ಎದುರಾಳಿಯ ಹಿಂಬದಿ ಆಟಗಾರನನ್ನು ದಾಟುವುದು, ಗೋಲಿನ ಮುಂದೆ ಕಾದು ನಿಂತ ಎತ್ತರದ ಸಹ ಆಟಗಾರನ ತಲೆಗೆ ಚೆಂಡು ತಲುಪಿಸುವುದು. ಎಡಗಾಲಿನವ ಎಡಬದಿಗೆ, ಬಲಗಾಲಿನವ ಬಲಬದಿಗೆ ಎಂಬುದು ಅಲಿಖಿತ ನಿಯಮ. ಕಳೆದ ಎರಡು ದಶಕಗಳಲ್ಲಿ ಈ ಪದ್ಧತಿ ತಲೆಕೆಳಗಾಯಿತು. ಎಡಗಾಲಿನ ಆಟಗಾರನನ್ನು ಬಲಬದಿಯಲ್ಲಿ ನಿಲ್ಲಿಸಿದರೆ ಆತ ಚೆಂಡಿನೊಂದಿಗೆ ಒಳಕ್ಕೆ ತಿರುಗಿ ನೇರವಾಗಿ ಗೋಲಿನತ್ತ ಒದೆಯಬಲ್ಲ ಎಂಬುದನ್ನು ಮೆಸ್ಸಿ, ರಾಬೆನ್ ಮುಂತಾದವರು ತೋರಿಸಿಕೊಟ್ಟರು. ಆದರೆ ಇದರಲ್ಲಿ ಒಂದು ದೌರ್ಬಲ್ಯವೂ ಇದೆ. ಆತ ಯಾವ ಕಡೆಗೆ ತಿರುಗುತ್ತಾನೆ ಎಂಬುದು ರಕ್ಷಣಾ ಆಟಗಾರನಿಗೆ ಮೊದಲೇ ಗೊತ್ತಿರುತ್ತದೆ. ರಾಬೆನ್ ಎಡಕ್ಕೆ ತಿರುಗುತ್ತಾರೆಂದು ಇಡೀ ಯೂರೋಪಿಗೆ ತಿಳಿದಿತ್ತು. ತಿಳಿದೂ ಹಲವರಿಗೆ ತಡೆಯಲಾಗಲಿಲ್ಲ, ಅದು ಬೇರೆ ಮಾತು.

ಡೆಂಬೆಲೆ ಅವರ ವಿಶೇಷ ಇರುವುದು ಇಲ್ಲಿಯೇ. ಅವರಿಗೆ ದುರ್ಬಲ ಕಾಲು ಎಂಬುದೇ ಇಲ್ಲ. ಹದಿಹರೆಯದಲ್ಲಿ ನೀಡಿದ ಒಂದು ಸಂದರ್ಶನದಲ್ಲಿ ಯಾವ ಕಾಲಿನ ಆಟಗಾರ ಎಂಬ ಪ್ರಶ್ನೆಗೆ ಅವರು ಎಡಗಾಲು ಎಂದು ಉತ್ತರಿಸಿದ್ದರು. ಹಾಗಿದ್ದರೆ ಪೆನಾಲ್ಟಿಯನ್ನು ಬಲಗಾಲಿನಿಂದ ಒದೆಯುವುದೇಕೆ ಎಂದು ಕೇಳಿದಾಗ, ಬಲಗಾಲಿನಲ್ಲಿ ಒದೆತ ಚೆನ್ನಾಗಿ ಬರುತ್ತದೆ ಎಂದು ಮುಗ್ಧವಾಗಿ ಹೇಳಿದ್ದರು. ಕೇಳಿದವರು ನಕ್ಕರು. ಅವರ ಎದುರು ನಿಲ್ಲಬೇಕಾದ ರಕ್ಷಣಾ ಆಟಗಾರರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಎಡಕ್ಕೋ ಬಲಕ್ಕೋ ಎಂದು ಮುಂಚಿತವಾಗಿ ಊಹಿಸಲಾಗದ ವಿಂಗರ್‌ನ ಎದುರು ಅವರು ಹಿಂದೆ ಹಿಂದೆ ಸರಿಯುವುದಲ್ಲದೆ ಬೇರೆ ದಾರಿಯಿಲ್ಲ.

ಎವ್ರೊದಿಂದ ರೆನ್‌ಗೆ

ಡೆಂಬೆಲೆ ಹುಟ್ಟಿದ್ದು 1997ರ ಮೇ 15ರಂದು, ನಾರ್ಮಂಡಿ ಪ್ರಾಂತ್ಯದ ವೆರ್ನೋ ಎಂಬ ಪಟ್ಟಣದಲ್ಲಿ. ಪಶ್ಚಿಮ ಆಫ್ರಿಕಾ ಮೂಲದ ಕುಟುಂಬ. ಬೆಳೆದದ್ದು ಸಮೀಪದ ಎವ್ರೊ ನಗರದ ಲಾ ಮದ್ಲೆನ್ ಬಡಾವಣೆಯಲ್ಲಿ. ಮಹಡಿ ಮನೆಗಳ ನಡುವಿನ ಬಯಲಿನಲ್ಲಿ ಆಡುತ್ತಿದ್ದ ಹುಡುಗನನ್ನು ಸ್ಥಳೀಯ ಕ್ಲಬ್‌ಗಳು ಗುರುತಿಸಿದವು. 2010ರಲ್ಲಿ, 13ನೆಯ ವಯಸ್ಸಿನಲ್ಲಿ, ಬ್ರಿಟನಿಯ ರೆನ್ ಕ್ಲಬ್ಬಿನ ತರಬೇತಿ ಶಾಲೆ ಆತನನ್ನು ಸೇರಿಸಿಕೊಂಡಿತು. ಮಗ ಒಂಟಿಯಾಗಬಾರದೆಂದು ತಾಯಿ ಉಳಿದ ಮಕ್ಕಳೊಂದಿಗೆ ರೆನ್‌ಗೆ ವಾಸ ಬದಲಿಸಿದರು. ಶಾಟ್ಲೆ ರಂಗಮಂದಿರದ ವೇದಿಕೆಗೆ ಅವರು ಬಂದದ್ದು ಕೇವಲ ಉಪಚಾರಕ್ಕಲ್ಲ.

ರೆನ್ ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಫ್ರಾನ್ಸ್‌ನ ಲೀಗ್ ಪ್ರಶಸ್ತಿಯನ್ನು ಒಮ್ಮೆಯೂ ಗೆಲ್ಲದ ಈ ಕ್ಲಬ್ ಯೂರೋಪಿನ ದೊಡ್ಡ ತಂಡಗಳಿಗೆ ಆಟಗಾರರನ್ನು ಬೆಳೆಸಿಕೊಡುವುದರಲ್ಲಿ ಹೆಸರುವಾಸಿ. ಎದುವಾರ್ಡೊ ಕಾಮವಿಂಗಾ ಬಂದದ್ದು ಇಲ್ಲಿಂದ. ಮುಂದೆ ಡೆಂಬೆಲೆ ಅವರೊಂದಿಗೆ ಪ್ಯಾರಿಸ್‌ನಲ್ಲಿ ಆಡಲಿದ್ದ ದೇಸಿರೆ ದುಯೆ ಕೂಡ ಇಲ್ಲಿಯವರೇ.

2015ರ ಅಕ್ಟೋಬರ್‌ನಲ್ಲಿ ಮೊದಲ ವೃತ್ತಿಪರ ಒಪ್ಪಂದ. ನವೆಂಬರ್ 6ರಂದು ಆಂಜೆ ತಂಡದ ವಿರುದ್ಧ ಬದಲಿ ಆಟಗಾರನಾಗಿ ಮೊದಲ ಪಂದ್ಯ. ಅದೇ ತಿಂಗಳ 22ರಂದು ಬೋರ್ಡೊ ವಿರುದ್ಧ ಮೊದಲ ಗೋಲು. 2016ರ ಮಾರ್ಚ್‌ನಲ್ಲಿ ನೆರೆಯ ವೈರಿ ನಾಂತ್ ವಿರುದ್ಧ ಹ್ಯಾಟ್ರಿಕ್. ಋತು ಮುಗಿಯುವಾಗ 26 ಲೀಗ್ ಪಂದ್ಯಗಳಲ್ಲಿ 12 ಗೋಲು. ಇದಿಷ್ಟೂ ನಡೆದದ್ದು ಆರೇಳು ತಿಂಗಳಲ್ಲಿ, ಹುಡುಗನಿಗೆ 19 ತುಂಬುವ ಮೊದಲು. ಫ್ರೆಂಚ್ ಲೀಗ್‌ನ ವರ್ಷದ ಯುವ ಆಟಗಾರ ಪ್ರಶಸ್ತಿಯೂ ಒಲಿಯಿತು.

1.5 ಕೋಟಿ ಯೂರೊ ತೆತ್ತು ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಅವರನ್ನು ಕರೆಸಿಕೊಂಡಿತು. ತರಬೇತುದಾರ ತೋಮಸ್ ತುಖೆಲ್ ಕೈಕೆಳಗೆ ಕಳೆದ ಆ ಒಂದು ವರ್ಷ ಡೆಂಬೆಲೆ ಅವರ ಬಾಲ್ಯದ ಕೊನೆಯ ನಿಶ್ಚಿಂತ ಅಧ್ಯಾಯ. 2016ರ ಸೆಪ್ಟೆಂಬರ್ 1ರಂದು ಬಾರಿಯಲ್ಲಿ ಇಟಲಿ ವಿರುದ್ಧ ಫ್ರಾನ್ಸ್ ತಂಡಕ್ಕೆ ಪದಾರ್ಪಣೆ. 2017ರ ಏಪ್ರಿಲ್‌ನಲ್ಲಿ ಜರ್ಮನ್ ಕಪ್ ಸೆಮಿಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಗೆಲುವಿನ ಗೋಲು. ಮೇ 27ರ ಫೈನಲ್‌ನಲ್ಲಿ ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್ ವಿರುದ್ಧ ತಂಡದ ಮೊದಲ ಗೋಲು. ಡಾರ್ಟ್‌ಮಂಡ್ ಆಟಗಾರರ ಬಸ್ಸಿನ ಮೇಲೆ ಬಾಂಬ್ ದಾಳಿ ನಡೆದದ್ದೂ ಆ ಏಪ್ರಿಲ್‌ನಲ್ಲಿಯೇ. ಮರುದಿನವೇ ಮೊನಾಕೊ ವಿರುದ್ಧ ಆಡಬೇಕಾಗಿ ಬಂದ ಪಂದ್ಯದಲ್ಲಿ 19 ವರ್ಷದ ಡೆಂಬೆಲೆ ಗೋಲು ಗಳಿಸಿದ್ದರು.

ಹತ್ತೂವರೆ ಕೋಟಿಯ ಭಾರ

2017ರ ಆಗಸ್ಟ್ 3ರಂದು ಫುಟ್‌ಬಾಲ್ ಮಾರುಕಟ್ಟೆಯ ಲೆಕ್ಕಾಚಾರವೇ ಬದಲಾಯಿತು. ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) 22.2 ಕೋಟಿ ಯೂರೊ ಕೊಟ್ಟು ನೇಮಾರ್ ಅವರನ್ನು ಬಾರ್ಸಿಲೋನಾದಿಂದ ಕೊಂಡೊಯ್ದಿತು. ಕೈತುಂಬ ಹಣ, ಖಾಲಿ ಜಾಗ, ಸಿಟ್ಟಿಗೆದ್ದ ಅಭಿಮಾನಿಗಳು. ಇಂಥ ಸ್ಥಿತಿಯಲ್ಲಿ ಮಾರುಕಟ್ಟೆಗೆ ಇಳಿಯುವ ಗಿರಾಕಿಗೆ ಯಾವ ವ್ಯಾಪಾರಿಯೂ ರಿಯಾಯಿತಿ ಕೊಡುವುದಿಲ್ಲ. ಬಾರ್ಸಿಲೋನಾದ ಕಣ್ಣು ಡಾರ್ಟ್‌ಮಂಡ್‌ನ ಹುಡುಗನ ಮೇಲೆ ಬಿತ್ತು.

ಮುಂದೆ ನಡೆದದ್ದು ಡೆಂಬೆಲೆ ಅವರಿಗೆ ಶೋಭೆ ತರುವಂಥದ್ದಲ್ಲ. ಆಗಸ್ಟ್ 10ರಂದು ಅವರು ಡಾರ್ಟ್‌ಮಂಡ್ ತಂಡದ ಅಭ್ಯಾಸಕ್ಕೆ ಹಾಜರಾಗಲಿಲ್ಲ. ಕ್ಲಬ್ ಅವರನ್ನು ಅಮಾನತುಗೊಳಿಸಿತು. ಒಪ್ಪಂದಕ್ಕೆ ಸಹಿ ಹಾಕಿದ ವರ್ಷವೊಂದರಲ್ಲೇ ಬೆನ್ನು ತಿರುಗಿಸಿದ್ದನ್ನು ಡಾರ್ಟ್‌ಮಂಡ್‌ನ ಜನ ಸುಲಭವಾಗಿ ಕ್ಷಮಿಸಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ. ಕೊನೆಗೆ ಆಗಸ್ಟ್ 25ರಂದು ವರ್ಗಾವಣೆ ಪ್ರಕಟವಾಯಿತು: 10.5 ಕೋಟಿ ಯೂರೊ, ಸಾಧನೆಯನ್ನು ಅವಲಂಬಿಸಿ ಮತ್ತೆ 4 ಕೋಟಿಯವರೆಗೆ. ಅದರ ಮೇಲೆ 40 ಕೋಟಿ ಯೂರೊಗಳ ಬಿಡುಗಡೆ ಷರತ್ತು. ನೇಮಾರ್ ತೊಟ್ಟಿದ್ದ 11ನೆಯ ಸಂಖ್ಯೆಯ ಅಂಗಿಯನ್ನೇ 20 ವರ್ಷದ ಹುಡುಗನಿಗೆ ಹಾಕಲಾಯಿತು.

ಇಂಥ ಹಣದಲ್ಲಿ ಮೂಲ ಕ್ಲಬ್‌ಗಳಿಗೂ ಪಾಲಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಅಂತರರಾಷ್ಟ್ರೀಯ ವರ್ಗಾವಣೆಯ ಮೊತ್ತದಲ್ಲಿ ಶೇ 5ರಷ್ಟನ್ನು ಆಟಗಾರನನ್ನು 12ರಿಂದ 23ನೆಯ ವಯಸ್ಸಿನವರೆಗೆ ತರಬೇತಿಗೊಳಿಸಿದ ಕ್ಲಬ್‌ಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. 12ರಿಂದ 15ರ ನಡುವಿನ ಪ್ರತಿ ವರ್ಷಕ್ಕೆ ಒಟ್ಟು ಮೊತ್ತದ ಶೇ 0.25. ಹತ್ತೂವರೆ ಕೋಟಿಯಲ್ಲಿ ಇದು ಸುಮಾರು 2.6 ಲಕ್ಷ ಯೂರೊ. ದೊಡ್ಡ ಕ್ಲಬ್‌ಗೆ ಇದು ಚಿಲ್ಲರೆ ಕಾಸು, ಎವ್ರೊದಂಥ ಊರಿನ ಹವ್ಯಾಸಿ ಕ್ಲಬ್‌ಗೆ ನಿಧಿ. ಮಾರುಕಟ್ಟೆಯ ಈ ಹುಚ್ಚಾಟದಲ್ಲಿ ನ್ಯಾಯವೆನ್ನಬಹುದಾದ ಅಂಶ ಬಹುಶಃ ಇದೊಂದೇ.

ಸೆಪ್ಟೆಂಬರ್ 9ರಂದು ಎಸ್ಪಾನ್ಯೋಲ್ ವಿರುದ್ಧ ಮೊದಲ ಪಂದ್ಯ. ಲೂಯಿಸ್ ಸುವಾರೆಜ್ ಗೋಲಿಗೆ ನೆರವು. ಒಂದು ವಾರ ಕಳೆಯಿತು. ಸೆಪ್ಟೆಂಬರ್ 16ರಂದು ಗೆಟಾಫೆ ಮೈದಾನದಲ್ಲಿ, ಮೊದಲಾರ್ಧದಲ್ಲಿಯೇ, ಹಿಮ್ಮಡಿಯಿಂದ ಚೆಂಡನ್ನು ಆಡುವ ಯತ್ನದಲ್ಲಿ ಡೆಂಬೆಲೆ ತೊಡೆ ಹಿಡಿದು ನಿಂತರು. ಎಡ ತೊಡೆಯ ಹಿಂಭಾಗದ ಸ್ನಾಯುರಜ್ಜು ಹರಿದಿತ್ತು. ಫಿನ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ, ನಾಲ್ಕು ತಿಂಗಳ ವಿಶ್ರಾಂತಿ. 2018ರ ಜನವರಿಯಲ್ಲಿ ಮರಳಿದರು, ಆದರೆ ಕೆಲವೇ ದಿನಗಳಲ್ಲಿ ರಿಯಲ್ ಸೊಸಿಯೆಡಾಡ್ ವಿರುದ್ಧ ಮತ್ತೆ ತೊಡೆಯ ನೋವು ಕಾಣಿಸಿಕೊಂಡಿತು.

ತೊಡೆಯ ಹಿಂದಿನ ಕಥೆ

ಹ್ಯಾಮ್‌ಸ್ಟ್ರಿಂಗ್ ಎಂಬ ಪದ ನಮ್ಮ ಕ್ರಿಕೆಟ್ ವೀಕ್ಷಕರಿಗೆ ಹೊಸದಲ್ಲ. ವೇಗದ ಬೌಲರ್ ಓಟದ ನಡುವೆ ತಟ್ಟನೆ ನಿಂತು ತೊಡೆಯ ಹಿಂಭಾಗಕ್ಕೆ ಕೈ ಹಾಕಿದನೆಂದರೆ ಸರಣಿ ಮುಗಿಯಿತು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ತೊಡೆಯ ಹಿಂದೆ ಮೂರು ಸ್ನಾಯುಗಳ ಗುಂಪು ಇದೆ. ಇವು ಸೊಂಟದ ಕೆಳಗಿನ ಮೂಳೆಯಿಂದ ಹೊರಟು ಮೊಣಕಾಲನ್ನು ದಾಟಿ ಕೆಳಗಿಳಿಯುತ್ತವೆ. ಎರಡು ಕೀಲುಗಳನ್ನು ದಾಟುವುದೇ ಇವುಗಳ ಶಕ್ತಿ, ಇವುಗಳ ದೌರ್ಬಲ್ಯವೂ ಅದೇ. ಪೂರ್ಣ ವೇಗದಲ್ಲಿ ಓಡುವಾಗ ಮುಂದಕ್ಕೆ ಚಾಚಿದ ಕಾಲು ನೆಲ ಮುಟ್ಟುವ ಮುನ್ನಿನ ಕ್ಷಣದಲ್ಲಿ ಈ ಸ್ನಾಯುಗಳು ಅತಿ ಹೆಚ್ಚು ಹಿಗ್ಗಿರುತ್ತವೆ. ಅದೇ ಕ್ಷಣದಲ್ಲಿ ಕಾಲಿನ ಚಲನೆಗೆ ಬ್ರೇಕ್ ಹಾಕುವ ಕೆಲಸವೂ ಇವುಗಳದ್ದೇ. ಹಿಗ್ಗುತ್ತಲೇ ಬಿಗಿಹಿಡಿಯಬೇಕಾದ ಈ ಇಬ್ಬಂದಿಯಲ್ಲಿ ಎಳೆಗಳು ಹರಿಯುತ್ತವೆ. ಅತ್ಯಂತ ಹೆಚ್ಚಾಗಿ ಪೆಟ್ಟಾಗುವುದು ಹೊರಬದಿಯ ಸ್ನಾಯುವಿಗೆ. ಹರಿದದ್ದು ಕೂಡಿಕೊಂಡರೂ ಅಲ್ಲಿ ಗಾಯದ ಅಂಗಾಂಶ ಉಳಿಯುತ್ತದೆ. ಅದು ಮೊದಲಿನಷ್ಟು ಸುಲಭವಾಗಿ ಹಿಗ್ಗುವುದಿಲ್ಲ. ಒಮ್ಮೆ ನೊಂದ ತೊಡೆ ಮತ್ತೆ ನೋಯುವ ಸಂಭವ ಹೆಚ್ಚು.

ಯೂರೋಪಿನ ಪ್ರಮುಖ ಕ್ಲಬ್‌ಗಳ ಆಟಗಾರರ ಮೇಲೆ ಯುಯೆಫಾ ದೀರ್ಘಕಾಲದಿಂದ ನಡೆಸುತ್ತಿರುವ ಅಧ್ಯಯನದ ಪ್ರಕಾರ, 2001-02ರ ಋತುವಿನಲ್ಲಿ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು ಶೇ 12 ಇತ್ತು. 2021-22ರ ವೇಳೆಗೆ ಅದು ಶೇ 24ಕ್ಕೆ ಏರಿತು. ವೈದ್ಯಶಾಸ್ತ್ರ ಮುಂದುವರಿದರೂ ಗಾಯ ಇಮ್ಮಡಿಯಾಯಿತೇಕೆ? ಪಂದ್ಯಗಳ ಸಂಖ್ಯೆ ಹೆಚ್ಚಿದೆ, ವಿಶ್ರಾಂತಿ ತಗ್ಗಿದೆ, ಎಲ್ಲಕ್ಕಿಂತ ಮಿಗಿಲಾಗಿ ಆಟ ವೇಗವಾಗಿದೆ. ಈ ವೇಗದ ಬೆಲೆಯನ್ನು ಮೊದಲು ತೆರುವವರಲ್ಲಿ ವಿಂಗರ್‌ಗಳು ಮುಂಚೂಣಿಯಲ್ಲಿದ್ದಾರೆ. ನಿಂತಲ್ಲಿಂದ ಪೂರ್ಣ ವೇಗ, ಪೂರ್ಣ ವೇಗದಿಂದ ಥಟ್ಟನೆ ನಿಲುಗಡೆ, ಮತ್ತೆ ಓಟ; ಒಂದೂವರೆ ಗಂಟೆ ಇದನ್ನೇ ಮಾಡುವುದು ಅವರ ಕಸುಬು.

ಡೆಂಬೆಲೆ ಅವರ ಪ್ರಕರಣದಲ್ಲಿ ಇನ್ನೂ ಒಂದು ಅಂಶವಿದೆ. ಆ ಆಗಸ್ಟ್‌ನಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಅವರು ತಂಡದ ಅಭ್ಯಾಸದಿಂದ ಹೊರಗಿದ್ದರು. ಋತುವಿನ ಆರಂಭದ ದೇಹಸಿದ್ಧತೆ ಅರ್ಧಕ್ಕೆ ನಿಂತ ಹುಡುಗ ಹೊಸ ದೇಶ, ಹೊಸ ತಂಡ, ಹೊಸ ಅಭ್ಯಾಸಕ್ರಮದ ನಡುವೆ ನೇರವಾಗಿ ಪಂದ್ಯಕ್ಕೆ ಇಳಿದಿದ್ದರು. ಗೆಟಾಫೆಯ ಗಾಯಕ್ಕೆ ಅದೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಕ್ಲಬ್ ಬದಲಿಸುವ ಆತುರ ತೊಡೆಗೆ ಒಳ್ಳೆಯದನ್ನು ಮಾಡಿರಲಾರದು.

ಬಾರ್ಸಿಲೋನಾದ ಮೊದಲ ಮೂರು ಋತುಗಳಲ್ಲಿ ಡೆಂಬೆಲೆ ಆಡಿದ ಲೀಗ್ ಪಂದ್ಯಗಳು ಕ್ರಮವಾಗಿ 17, 29 ಮತ್ತು 5. ಮೂರು ಋತುಗಳ 114 ಪಂದ್ಯಗಳಲ್ಲಿ 51. ನಡುವೆ 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಿತು. ಮೊದಲ ಪಂದ್ಯದಲ್ಲಿ ಗ್ರೀಝ್ಮನ್, ಎಂಬಾಪೆ ಜೊತೆ ಕಣಕ್ಕಿಳಿದಿದ್ದ ಡೆಂಬೆಲೆ ಫೈನಲ್‌ನಲ್ಲಿ ಬೆಂಚಿನ ಮೇಲೆ ಕುಳಿತೇ ಪದಕ ಪಡೆದರು. ಅಭ್ಯಾಸಕ್ಕೆ ತಡವಾಗಿ ಬರುತ್ತಾರೆ, ರಾತ್ರಿಯಿಡೀ ವಿಡಿಯೊ ಗೇಮ್ ಆಡುತ್ತಾರೆ, ಆಹಾರದಲ್ಲಿ ಶಿಸ್ತಿಲ್ಲ ಎಂಬ ವರದಿಗಳು ಸ್ಪೇನ್‌ನ ಪತ್ರಿಕೆಗಳಲ್ಲಿ ನಿತ್ಯದ ಮೇವಾದವು. 2019ರ ಮೇ 1ರಂದು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಚರಣದಲ್ಲಿ ಲಿವರ್‌ಪೂಲ್ ವಿರುದ್ಧ 3-0 ಮುನ್ನಡೆಯಲ್ಲಿದ್ದಾಗ, ಕೊನೆಯ ಗಳಿಗೆಯಲ್ಲಿ ಮೆಸ್ಸಿ ಕೊಟ್ಟ ಸುಲಭ ಅವಕಾಶವನ್ನು ಡೆಂಬೆಲೆ ಗೋಲ್‌ಕೀಪರ್ ಕೈಗೆ ಮೆಲ್ಲನೆ ಒದ್ದರು. ಆರು ದಿನಗಳ ಬಳಿಕ ಆನ್‌ಫೀಲ್ಡ್‌ನಲ್ಲಿ ಬಾರ್ಸಿಲೋನಾ 0-4ರಿಂದ ಸೋತಿತು. ಆ ನಾಲ್ಕನೆಯ ಗೋಲು ಬಂದಿದ್ದರೆ ಎಂಬ ಪ್ರಶ್ನೆ ಹಲವು ವರ್ಷ ಅವರ ಬೆನ್ನು ಬಿಡಲಿಲ್ಲ. 2020ರ ಫೆಬ್ರುವರಿಯಲ್ಲಿ ಬಲ ತೊಡೆಯ ಸ್ನಾಯುವೂ ಹರಿಯಿತು. ಮತ್ತೆ ಫಿನ್ಲೆಂಡ್, ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಆರು ತಿಂಗಳು.

ಸೋಮಾರಿ ಎಂಬ ಹಣೆಪಟ್ಟಿ ಎಷ್ಟರಮಟ್ಟಿಗೆ ನ್ಯಾಯ? ಶಿಸ್ತಿನ ಕೊರತೆ ಇದ್ದಿರಬಹುದು. ನಂತರದ ವರ್ಷಗಳಲ್ಲಿ ಆಹಾರ, ನಿದ್ರೆ, ದೇಹದ ಆರೈಕೆಯನ್ನು ಅವರು ಬದಲಿಸಿಕೊಂಡದ್ದೇ ಅದಕ್ಕೆ ಸಾಕ್ಷಿ. ಆದರೆ ಎರಡೂ ತೊಡೆಗಳಿಗೆ ಶಸ್ತ್ರಚಿಕಿತ್ಸೆ ಆದ, ಇನ್ನೂ 23 ತುಂಬದ ಯುವಕನ ಪ್ರತಿಯೊಂದು ಗೈರುಹಾಜರಿಯನ್ನೂ ಹತ್ತೂವರೆ ಕೋಟಿಯ ತಕ್ಕಡಿಯಲ್ಲಿಟ್ಟು ತೂಗಿದ್ದು ಸರಿಯಲ್ಲ. ಆ ಬೆಲೆಯನ್ನು ನಿಗದಿ ಮಾಡಿದವರು ಅವರಲ್ಲ.

ಛೀಮಾರಿ, ಚಪ್ಪಾಳೆ

2021ರ ಜೂನ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಯೂರೊ ಪಂದ್ಯಾವಳಿಯ ಹಂಗೆರಿ ವಿರುದ್ಧದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಬಂದ ಡೆಂಬೆಲೆ ಮೊಣಕಾಲು ನೋಯಿಸಿಕೊಂಡು ಹೊರನಡೆದರು. 2022ರ ಜನವರಿಯಲ್ಲಿ ಒಪ್ಪಂದ ನವೀಕರಣದ ಮಾತುಕತೆ ಮುರಿದುಬಿತ್ತು. ಕ್ಲಬ್ ಬಿಟ್ಟು ಹೋಗಲಿ ಎಂದು ಬಾರ್ಸಿಲೋನಾ ಆಡಳಿತ ಬಹಿರಂಗವಾಗಿಯೇ ಹೇಳಿತು. ತವರಿನ ಕ್ಯಾಂಪ್ ನೋ ಮೈದಾನದಲ್ಲಿ ಅಭಿಮಾನಿಗಳು ಸಿಳ್ಳೆ ಹೊಡೆದು ಮೂದಲಿಸಿದರು. ಕೋಚ್ ಜಾವಿ ಹೆರ್ನಾಂಡೆಜ್ ಮಾತ್ರ ಅವರನ್ನು ಕೈಬಿಡಲಿಲ್ಲ. ಆ ಋತು ಮುಗಿದಾಗ ಸ್ಪೇನ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲುಗಳಿಗೆ ನೆರವಾದ ಆಟಗಾರ ಡೆಂಬೆಲೆ: 13. ಸಿಳ್ಳೆ ಹೊಡೆದವರೇ ಚಪ್ಪಾಳೆ ತಟ್ಟಿದರು. ಜೂನ್ 30ಕ್ಕೆ ಮುಗಿದ ಒಪ್ಪಂದ ಜುಲೈನಲ್ಲಿ ಮತ್ತೆ ಎರಡು ವರ್ಷಕ್ಕೆ ಕುದುರಿತು.

ಆದರೆ ಆ ವರ್ಷದ ಕೊನೆ ಕಹಿಯಾಗಿತ್ತು. ಡಿಸೆಂಬರ್ 18ರಂದು ಕತಾರ್‌ನ ಲುಸೈಲ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಡೆಂಬೆಲೆ ಎಡವಟ್ಟಿನಿಂದ ಏಂಜೆಲ್ ಡಿ ಮರಿಯಾ ಬಿದ್ದರು. ಅರ್ಜೆಂಟೀನಾಕ್ಕೆ ಪೆನಾಲ್ಟಿ ದೊರೆಯಿತು. ಮೆಸ್ಸಿ ಗೋಲು ಗಳಿಸಿದರು. 41ನೆಯ ನಿಮಿಷದಲ್ಲಿ, ವಿರಾಮಕ್ಕೂ ಕಾಯದೆ, ತರಬೇತುದಾರ ದಿದಿಯೆ ದೆಶಾಂ ಅವರನ್ನು ಹೊರಗೆ ಕರೆಸಿಕೊಂಡರು. ವಿಂಗರ್ ಚೆಂಡಿದ್ದಾಗ ಮಾತ್ರ ಆಡಿದರೆ ಸಾಲದು, ಚೆಂಡಿಲ್ಲದಾಗಲೂ ಆಡಬೇಕು ಎಂಬ ಪಾಠವನ್ನು ಇಷ್ಟು ಕ್ರೂರವಾಗಿ ಕಲಿತವರು ಕಡಿಮೆ.

2023ರ ಆಗಸ್ಟ್‌ನಲ್ಲಿ ಪಿಎಸ್‌ಜಿ ಸುಮಾರು 5 ಕೋಟಿ ಯೂರೊಗೆ ಅವರನ್ನು ಕೊಂಡಿತು. ಬಾರ್ಸಿಲೋನಾದ ಆರು ವರ್ಷಗಳ ಲೆಕ್ಕ: 185 ಪಂದ್ಯ, 40 ಗೋಲು, ಮೂರು ಲೀಗ್ ಪ್ರಶಸ್ತಿ. ಸಾಮಾನ್ಯ ಆಟಗಾರನಿಗೆ ಇದು ಕಡಿಮೆಯೇನಲ್ಲ.

ಪ್ಯಾರಿಸ್‌ನಲ್ಲಿ ಹೊಸ ಪಾಠ

ಪ್ಯಾರಿಸ್‌ನ ಮೊದಲ ವರ್ಷ ಹಳೆಯ ಕಥೆಯೇ ಮುಂದುವರಿದಂತಿತ್ತು. ಬಲಗೆರೆಯ ಬಳಿ ನಿಂತು ಎದುರಾಳಿಗಳನ್ನು ದಾಟುತ್ತಿದ್ದರು, ಎಂಬಾಪೆಗೆ ಚೆಂಡು ಒದಗಿಸುತ್ತಿದ್ದರು. ಲೀಗ್‌ನ 26 ಪಂದ್ಯಗಳಲ್ಲಿ ಅವರ ಗೋಲುಗಳು ಕೇವಲ 3. ಗೋಲಿನ ಮುಂದೆ ತಣ್ಣಗಾಗುವವರು ಎಂಬ ಆರೋಪಕ್ಕೆ ಮತ್ತಷ್ಟು ಬಲ ಬಂತು. 2024ರ ಬೇಸಗೆಯಲ್ಲಿ ಎಂಬಾಪೆ ರಿಯಲ್ ಮ್ಯಾಡ್ರಿಡ್ ಸೇರಿದರು. ವರ್ಷಕ್ಕೆ ನಲವತ್ತು ಗೋಲು ಹೊಡೆಯುವವರೇ ಹೋದ ಮೇಲೆ ಇನ್ನಾರು ಎಂಬ ಪ್ರಶ್ನೆಗೆ ಡೆಂಬೆಲೆ ಹೆಸರು ಹೇಳಿದವರು ಬಹಳಿಲ್ಲ.

ತರಬೇತುದಾರ ಲೂಯಿಸ್ ಎನ್ರಿಕೆ ಸುಲಭಕ್ಕೆ ಮಣಿಯುವ ಮನುಷ್ಯನಲ್ಲ. 2024ರ ಅಕ್ಟೋಬರ್ 1ರಂದು ಲಂಡನ್‌ನಲ್ಲಿ ಆರ್ಸೆನಲ್ ವಿರುದ್ಧದ ಮಹತ್ವದ ಪಂದ್ಯಕ್ಕೆ ಡೆಂಬೆಲೆ ಅವರನ್ನು ಕರೆದೊಯ್ಯಲೇ ಇಲ್ಲ. ತಂಡದ ನಿಯಮಗಳನ್ನು ಪಾಲಿಸದವರಿಗೆ ಸ್ಥಾನವಿಲ್ಲ ಎಂಬುದು ಅವರ ನಿಲುವಾಗಿತ್ತು. ಪಿಎಸ್‌ಜಿ 0-2ರಿಂದ ಸೋತಿತು. ಕೋಚ್ ಪಶ್ಚಾತ್ತಾಪ ತೋರಲಿಲ್ಲ. ನವೆಂಬರ್‌ನಲ್ಲಿ ಬಯರ್ನ್ ವಿರುದ್ಧ ಡೆಂಬೆಲೆ ಕೆಂಪು ಕಾರ್ಡ್ ಪಡೆದರು. ಆ ಪಂದ್ಯವೂ ಕೈತಪ್ಪಿತು. ಚಾಂಪಿಯನ್ಸ್ ಲೀಗ್‌ನಿಂದ ಹೊರಬೀಳುವ ಭೀತಿ ಎದುರಾಯಿತು.

ಆ ಡಿಸೆಂಬರ್ ಹೊತ್ತಿಗೆ ಎನ್ರಿಕೆ ಒಂದು ಬದಲಾವಣೆ ಮಾಡಿದರು. ಡೆಂಬೆಲೆ ಅವರನ್ನು ಗೆರೆಯಂಚಿನಿಂದ ತಂದು ಮೈದಾನದ ನಡುವೆ ನಿಲ್ಲಿಸಿದರು. ಫುಟ್‌ಬಾಲ್ ಭಾಷೆಯಲ್ಲಿ ಇದಕ್ಕೆ ಫಾಲ್ಸ್ ನೈನ್ ಎನ್ನುತ್ತಾರೆ. ಹೆಸರಿಗೆ ಮುಂಚೂಣಿ ಆಟಗಾರ, ಆದರೆ ಗೋಲಿನ ಮುಂದೆ ಕಾದು ನಿಲ್ಲುವುದಿಲ್ಲ. ಹಿಂದಕ್ಕೆ ಸರಿದು ಚೆಂಡು ಪಡೆಯುತ್ತಾನೆ. ಎದುರಾಳಿಯ ನಡುಗೋಡೆಯಂಥ ರಕ್ಷಣಾ ಆಟಗಾರನಿಗೆ ಆಗ ಸಂದಿಗ್ಧ: ಹಿಂಬಾಲಿಸಿದರೆ ಬೆನ್ನ ಹಿಂದೆ ಜಾಗ ತೆರೆಯುತ್ತದೆ, ಹಿಂಬಾಲಿಸದಿದ್ದರೆ ಆತನಿಗೆ ತಿರುಗಲು ಬಿಡುವು ಸಿಗುತ್ತದೆ. ಮೆಸ್ಸಿಯನ್ನು ಪೆಪ್ ಗಾರ್ಡಿಯೋಲಾ ಬಳಸಿದ ರೀತಿಯೂ ಇದೇ.

ಎರಡೂ ಕಾಲು ಸಮನಾಗಿ ಬಳಸಬಲ್ಲವನಿಗೆ ಈ ಜಾಗ ಹೇಳಿ ಮಾಡಿಸಿದಂಥದ್ದು ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತದೆ. ಗೆರೆಯ ಬಳಿ ನಿಂತವನಿಗೆ ಒಂದು ಬದಿಯಲ್ಲಿ ಮೈದಾನವೇ ಇಲ್ಲ. ಅವನ ಎರಡು ಕಾಲುಗಳಲ್ಲಿ ಒಂದರ ಅರ್ಧ ಸಾಮರ್ಥ್ಯವನ್ನು ಗೆರೆಯೇ ನುಂಗುತ್ತದೆ. ನಡುವೆ ನಿಂತವನು ಎತ್ತಲಾದರೂ ತಿರುಗಬಹುದು, ಯಾವ ಕಾಲಿನಿಂದಲಾದರೂ ಒದೆಯಬಹುದು. ಐವತ್ತು ಮೀಟರ್ ಉದ್ದದ ಓಟಗಳೂ ತಗ್ಗುತ್ತವೆ. ಬದಲಿಗೆ ಐದಾರು ಹೆಜ್ಜೆಗಳ ಚುರುಕು ಸಾಕು. ಅದು ತೊಡೆಗೂ ನೆಮ್ಮದಿ ಕೊಟ್ಟಿತೇ? ಆ ಋತುವಿನಲ್ಲಿ ಅವರು 53 ಪಂದ್ಯ ಆಡಿದರು ಎಂಬುದನ್ನಷ್ಟೇ ಇಲ್ಲಿ ಗಮನಿಸಬಹುದು.

2025ರ ಜನವರಿ 22ರಂದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ 0-2ರ ಹಿನ್ನಡೆಯಲ್ಲಿದ್ದ ತಂಡಕ್ಕೆ, ವಿರಾಮದ ಬಳಿಕ ಬದಲಿಯಾಗಿ ಬಂದ ಡೆಂಬೆಲೆ ಮೊದಲ ಗೋಲು ತಂದರು. ಪಿಎಸ್‌ಜಿ 4-2ರಿಂದ ಗೆದ್ದಿತು. ಮರುವಾರ ಸ್ಟುಟ್‌ಗಾರ್ಟ್ ವಿರುದ್ಧ ಹ್ಯಾಟ್ರಿಕ್, ಮೂರೇ ದಿನಗಳಲ್ಲಿ ಬ್ರೆಸ್ಟ್ ವಿರುದ್ಧ ಇನ್ನೊಂದು. ಮಾರ್ಚ್ 11ರಂದು ಆನ್‌ಫೀಲ್ಡ್‌ನಲ್ಲಿ, ಆರು ವರ್ಷಗಳ ಹಿಂದಿನ ಆ ಕೆಟ್ಟ ನೆನಪಿನ ಮೈದಾನದಲ್ಲಿಯೇ, ಲಿವರ್‌ಪೂಲ್ ವಿರುದ್ಧ ಪಂದ್ಯದ ಏಕೈಕ ಗೋಲು ಅವರದು. ಪೆನಾಲ್ಟಿ ಹಂತದಲ್ಲಿ ಪಿಎಸ್‌ಜಿ ಮುನ್ನಡೆಯಿತು. ಸೆಮಿಫೈನಲ್‌ನಲ್ಲಿ ಆರ್ಸೆನಲ್ ಮೈದಾನದಲ್ಲಿ ನಾಲ್ಕನೆಯ ನಿಮಿಷದಲ್ಲಿಯೇ ಗೋಲು. ಹಿಂದಿನ ಅಕ್ಟೋಬರ್‌ನಲ್ಲಿ ಅವರನ್ನು ಕರೆದೊಯ್ಯದೆ ಬಿಟ್ಟ ಮೈದಾನ ಅದೇ. ಋತುವಿನ ಒಟ್ಟು ಗೋಲುಗಳು 35. ಫ್ರೆಂಚ್ ಲೀಗ್‌ನಲ್ಲಿ 21.

ಮೇ 31ರ ಫೈನಲ್‌ನಲ್ಲಿ ಅವರು ಗೋಲು ಹೊಡೆಯಲಿಲ್ಲ. ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು ಪಿಎಸ್‌ಜಿ 5-0ರಿಂದ ಸದೆಬಡಿದು ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿ ಎರಡು ಗೋಲು ಗಳಿಸಿದವರು ರೆನ್ ಶಾಲೆಯ ಇನ್ನೊಬ್ಬ ಹುಡುಗ, 19 ವರ್ಷದ ದುಯೆ. ಡೆಂಬೆಲೆ ಎರಡು ಗೋಲುಗಳಿಗೆ ನೆರವಾದರು. ಆದರೆ ಪಂದ್ಯ ನೋಡಿದವರ ಕಣ್ಣಲ್ಲಿ ಉಳಿದ ಚಿತ್ರ ಬೇರೆ. ಇಂಟರ್ ಗೋಲ್‌ಕೀಪರ್ ಯಾನ್ ಸೊಮ್ಮರ್ ಚೆಂಡನ್ನು ಮುಂದಿಟ್ಟು ಒದೆಯಲು ಸಿದ್ಧವಾದಾಗಲೆಲ್ಲ ಡೆಂಬೆಲೆ ಪೆಟ್ಟಿಗೆಯ ಅಂಚಿನಲ್ಲಿ ಓಟಗಾರನಂತೆ ಬಾಗಿ, ಕಣ್ಣು ಕೀಳದೆ ನಿಂತಿರುತ್ತಿದ್ದರು. ಚೆಂಡು ಕದಲಿದೊಡನೆ ಬಾಣದಂತೆ ಹಾರುತ್ತಿದ್ದರು. ಹಿಂಬದಿಯಿಂದ ಸಾವಧಾನವಾಗಿ ಆಟ ಕಟ್ಟುವ ಇಂಟರ್‌ನ ಪದ್ಧತಿಗೆ ಅಲ್ಲಿಯೇ ಕಡಿವಾಣ ಬಿತ್ತು. ಚಿನ್ನದ ಚೆಂಡನ್ನು ಡೆಂಬೆಲೆಗೇ ಕೊಡಬೇಕು, ಗೋಲುಗಳಿಗಾಗಿ ಅಲ್ಲ, ಹೀಗೆ ಒತ್ತಡ ಹೇರಿದ ರೀತಿಗಾಗಿ ಎಂಬರ್ಥದ ಮಾತನ್ನು ಎನ್ರಿಕೆ ಆ ರಾತ್ರಿ ಆಡಿದರು. ಲುಸೈಲ್‌ನಲ್ಲಿ ಚೆಂಡಿಲ್ಲದಾಗಿನ ಆಟದಲ್ಲಿ ಎಡವಿ 41ನೆಯ ನಿಮಿಷದಲ್ಲಿ ಹೊರನಡೆದವರ ಬಗ್ಗೆ ಬಂದ ಮಾತಿದು.

ಶಾಟ್ಲೆ ರಂಗಮಂದಿರದಲ್ಲಿ ಸಮಾರಂಭ ನಡೆಯುತ್ತಿದ್ದ ಅದೇ ರಾತ್ರಿ ಪಿಎಸ್‌ಜಿ ತಂಡ ಮಾರ್ಸೆಯಲ್ಲಿ ಲೀಗ್ ಪಂದ್ಯ ಆಡುತ್ತಿತ್ತು. ಮಳೆಯ ಮುನ್ಸೂಚನೆಯಿಂದ ಹಿಂದಿನ ದಿನದ ಪಂದ್ಯ ಮುಂದೂಡಲ್ಪಟ್ಟಿತ್ತು. ಪಿಎಸ್‌ಜಿ 0-1ರಿಂದ ಸೋತಿತು. ಪ್ರಶಸ್ತಿ ಸಮಾರಂಭ ಇಲ್ಲದಿದ್ದರೂ ಡೆಂಬೆಲೆ ಅಲ್ಲಿಗೆ ಹೋಗುತ್ತಿರಲಿಲ್ಲ. ಸೆಪ್ಟೆಂಬರ್ 5ರಂದು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಉಕ್ರೇನ್ ವಿರುದ್ಧ ಫ್ರಾನ್ಸ್ ಆಡಿದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಗಾಯಗೊಂಡ ದುಯೆ ಬದಲಿಗೆ ದ್ವಿತೀಯಾರ್ಧದಲ್ಲಿ ಇಳಿದ ಅವರು ಪಂದ್ಯ ಮುಗಿಯುವ ಮೊದಲೇ ಬಲ ತೊಡೆಯ ಹಿಂಭಾಗ ಹಿಡಿದುಕೊಂಡು ಹೊರಬಂದಿದ್ದರು. ಅಪಾಯದ ಬಗ್ಗೆ ಮೊದಲೇ ಎಚ್ಚರಿಸಿದ್ದೆವು ಎಂದು ಪಿಎಸ್‌ಜಿ ಫ್ರೆಂಚ್ ಫುಟ್‌ಬಾಲ್ ಸಂಸ್ಥೆಗೆ ಪತ್ರ ಬರೆದು ಸಿಟ್ಟು ತೋರಿತು. ಆರು ವಾರಗಳ ಬಳಿಕ, ಅಕ್ಟೋಬರ್ 21ರಂದು ಲೆವರ್ಕುಸೆನ್ ವಿರುದ್ಧ ಬದಲಿಯಾಗಿ ಮರಳಿ ಗೋಲು ಗಳಿಸಿದರು. ನವೆಂಬರ್ 4ರಂದು ಬಯರ್ನ್ ವಿರುದ್ಧ ಆರಂಭದಿಂದಲೇ ಕಣಕ್ಕಿಳಿದರು. ಅರ್ಧ ಗಂಟೆ ಕಳೆಯುವ ಮುನ್ನ ಮೀನಖಂಡದ ನೋವಿನಿಂದ ಹೊರನಡೆದರು.